ದಣಿವಿಗೂ ಸಾಕ್ಷಿ ಬೇಕೆ?

1955ರ ಜುಲೈ ತಿಂಗಳಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಒಬ್ಬ ವೈದ್ಯರೂ ಒಬ್ಬ ದಾದಿಯೂ ಕಾಯಿಲೆ ಬಿದ್ದರು. ಎರಡು ವಾರ ಕಳೆಯುವುದರೊಳಗೆ ಆಸ್ಪತ್ರೆಯ ಬಾಗಿಲನ್ನೇ ಮುಚ್ಚಬೇಕಾಯಿತು. ಅದು ಮತ್ತೆ ತೆರೆದದ್ದು ಅಕ್ಟೋಬರಿನಲ್ಲಿ. ಸುಮಾರು 300 ಮಂದಿಗೆ ತಗುಲಿದ ಈ ಕಾಯಿಲೆಗೆ ತುತ್ತಾದವರಲ್ಲಿ ಹೆಚ್ಚಿನವರು ಅಲ್ಲಿನ ಸಿಬ್ಬಂದಿಯೇ. ತಲೆನೋವು, ಸ್ನಾಯುಗಳ ನೋವು, ಕೈಕಾಲು ಎತ್ತಲಾಗದಷ್ಟು ನಿಶ್ಶಕ್ತಿ. ರೋಗಾಣು ಮಾತ್ರ ಪತ್ತೆಯಾಗಲಿಲ್ಲ. ಮರುವರ್ಷ ‘ಲ್ಯಾನ್ಸೆಟ್’ ವೈದ್ಯಪತ್ರಿಕೆ ಇದಕ್ಕೆ ‘ಮಯಾಲ್ಜಿಕ್ ಎನ್ಸೆಫಲೋಮೈಲೈಟಿಸ್’ (ಎಂ.ಇ.) ಎಂಬ ಹೆಸರನ್ನು ಸೂಚಿಸಿತು.

ಹದಿನೈದು ವರ್ಷಗಳ ಬಳಿಕ ಕಥೆ ತಿರುವು ಪಡೆಯಿತು. 1970ರಲ್ಲಿ ಮೆಕ್‌ಇವಿಡಿ ಮತ್ತು ಬಿಯರ್ಡ್ ಎಂಬ ಇಬ್ಬರು ಮನೋವೈದ್ಯರು ಹಳೆಯ ಕಡತಗಳನ್ನು ತಿರುವಿಹಾಕಿ, ಇದು ಬರೀ ಸಮೂಹ ಸನ್ನಿ ಎಂದು ಬರೆದರು. ರೋಗಿಗಳಲ್ಲಿ ಹೆಂಗಸರೇ ಹೆಚ್ಚು ಎಂಬುದು ಅವರ ವಾದದ ಒಂದು ಆಧಾರ. ರೋಗಿಗಳನ್ನು ಅವರು ಕಂಡು ಪರೀಕ್ಷಿಸಿರಲಿಲ್ಲ. ಆದರೂ ಆ ಮಾತು ಬೇರೂರಿತು. ‘ಎಲ್ಲ ನಿಮ್ಮ ಮನಸ್ಸಿನಲ್ಲೇ ಇದೆ’ ಎನ್ನಿಸಿಕೊಳ್ಳುವುದು ರೋಗಿಗಳಿಗೆ ಕಾಯಿಲೆಗಿಂತ ದೊಡ್ಡ ಹಿಂಸೆಯಾಯಿತು. ಬ್ರಿಟನ್ನಿನಲ್ಲಿ ಅವರು ಸಂಘ ಕಟ್ಟಿಕೊಂಡದ್ದು ಆ ದಶಕದಲ್ಲೇ.

1988ರಲ್ಲಿ ಅಮೆರಿಕದ ತಜ್ಞರು ‘ಕ್ರಾನಿಕ್ ಫಟೀಗ್ ಸಿಂಡ್ರೋಮ್’, ಎಂದರೆ ದೀರ್ಘಕಾಲದ ದಣಿವಿನ ಲಕ್ಷಣಕೂಟ, ಎಂಬ ಹೆಸರಿಟ್ಟರು. ಹೆಸರೇ ಶಾಪವಾಯಿತು. ದಣಿವು ಯಾರಿಗಿಲ್ಲ? ಆದರೆ ಇದು ನಿದ್ದೆಯಿಂದ ಕಳೆಯುವ ಆಯಾಸವಲ್ಲ. ಸ್ನಾನ ಮಾಡಿದಷ್ಟೇ ಶ್ರಮಕ್ಕೂ ಮರುದಿನವೋ ಅದರ ಮರುದಿನವೋ ದೇಹ ಕುಸಿದುಬೀಳುವುದು ಈ ರೋಗದ ಮುಖ್ಯ ಗುರುತು.

ದೊಡ್ಡ ಕದನ ನಡೆದದ್ದು ಚಿಕಿತ್ಸೆಯ ಕುರಿತು. ವ್ಯಾಯಾಮವನ್ನು ಹಂತಹಂತವಾಗಿ ಹೆಚ್ಚಿಸುತ್ತ ಹೋದರೆ ಗುಣವಾಗುತ್ತದೆ ಎಂದು 641 ರೋಗಿಗಳ ಮೇಲೆ ನಡೆದ ‘ಪೇಸ್’ ಎಂಬ ಬ್ರಿಟಿಷ್ ಅಧ್ಯಯನ 2011ರಲ್ಲಿ ಸಾರಿತು. ವ್ಯಾಯಾಮದಿಂದ ಹಾಸಿಗೆ ಹಿಡಿದವರು ಇದನ್ನು ಒಪ್ಪಲಿಲ್ಲ. ಅವರು ಅಂಕಿ-ಅಂಶಗಳನ್ನು ತಾವೇ ಓದಿದರು. ಗುಣವಾದರೆಂದು ಎಣಿಸುವ ಅಳತೆಗೋಲು ನಡುವೆ ಸಡಿಲಗೊಂಡಿತ್ತು ಎಂಬುದನ್ನು ಎತ್ತಿ ತೋರಿಸಿದರು. ಆಸ್ಟ್ರೇಲಿಯಾದ ರೋಗಿಯೊಬ್ಬರು ಮಾಹಿತಿ ಹಕ್ಕಿನಡಿ ಮೂಲ ದತ್ತಾಂಶ ಕೇಳಿದರು. 2016ರಲ್ಲಿ ನ್ಯಾಯಮಂಡಳಿ ಅದನ್ನು ಕೊಡುವಂತೆ ಆಜ್ಞಾಪಿಸಿತು. ಮೊದಲಿನ ಅಳತೆಗೋಲಿನಿಂದ ಲೆಕ್ಕ ಹಾಕಿದಾಗ, ಶೇ. 22 ಎಂದಿದ್ದ ಗುಣಮುಖರ ಪ್ರಮಾಣ ಒಂದಂಕಿಗೆ ಇಳಿಯಿತು. 2021ರಲ್ಲಿ ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಆ ವ್ಯಾಯಾಮ ಪದ್ಧತಿಯನ್ನು ಕೈಬಿಟ್ಟಿತು. ಅಷ್ಟರಲ್ಲಿ ಕೋವಿಡ್ ಬಂದುಹೋದ ಮೇಲೂ ಚೇತರಿಸದ ಹೊಸ ರೋಗಿಗಳು ಇದೇ ಕಷ್ಟವನ್ನು ಹೇಳಿಕೊಳ್ಳತೊಡಗಿದ್ದರು.

ಈ ರೋಗಿಗಳು ತಮ್ಮ ದಿನವನ್ನಾಗಿ ಆರಿಸಿಕೊಂಡದ್ದು ಮೇ 12. ಅದು ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ. ದೀಪ ಹಿಡಿದು ಗಾಯಾಳುಗಳ ನಡುವೆ ಓಡಾಡಿದ ಆಕೆಯನ್ನು ಲೋಕ ಬಲ್ಲದು. ಕ್ರೈಮಿಯಾ ಯುದ್ಧದಿಂದ ಮರಳಿದ ಮೇಲೆ ಆಕೆ ಹಲವು ವರ್ಷ ಕಾಯಿಲೆಯಿಂದ ಹಾಸಿಗೆ ಹಿಡಿದದ್ದನ್ನು, ಅಲ್ಲಿಂದಲೇ ಪತ್ರ, ವರದಿಗಳನ್ನು ಬರೆದು ಸರ್ಕಾರವನ್ನು ಎಚ್ಚರಿಸಿದ್ದನ್ನು ಬಲ್ಲವರು ಕಡಿಮೆ. ರೋಗವನ್ನು ಖಚಿತವಾಗಿ ತೋರಿಸುವ ರಕ್ತಪರೀಕ್ಷೆ ಇಂದಿಗೂ ಇಲ್ಲ. ಅಲ್ಲಿಯವರೆಗೆ ರೋಗಿಯ ಮಾತೇ ಮೊದಲ ಸಾಕ್ಷಿ.