ಉದ್ಯೋಗ ಸಹಾಯಧನ: ಕುಂದಾಪುರ, ಬೈಂದೂರು, ಬ್ರಹ್ಮಾವರ

ಕೂಲಿಯ ಒಂದು ಪಾಲನ್ನೋ ಇಡೀ ಕೂಲಿಯನ್ನೋ ಸರ್ಕಾರವೇ ಭರಿಸಿ ದುಡಿಮೆಯ ಅವಕಾಶ ಹೆಚ್ಚಿಸುವ ಕ್ರಮವೇ ಉದ್ಯೋಗ ಸಹಾಯಧನ. ಮಾಲೀಕರಿಗೆ ಕೂಲಿಯ ಹೊರೆ ಇಳಿಸಿ ನಿರುದ್ಯೋಗ ತಗ್ಗಿಸಬಹುದೆಂಬ ವಾದವನ್ನು ಅರ್ಥಶಾಸ್ತ್ರಜ್ಞ ನಿಕೋಲಾಸ್ ಕಾಲ್ಡಾರ್ 1936ರಲ್ಲೇ ಮಂಡಿಸಿದ್ದರು. ಭಾರತದ ಹಳ್ಳಿಗಳಲ್ಲಿ ಬೇರೂರಿದ್ದು ಇನ್ನೊಂದು ಬಗೆ, ಸರ್ಕಾರವೇ ಕೆಲಸ ಕೊಡುವುದು. ಮಹಾರಾಷ್ಟ್ರ 1970ರ ದಶಕದಲ್ಲಿ ತುಳಿದ ಈ ದಾರಿ 2005ರಲ್ಲಿ ಇಡೀ ದೇಶದ ಉದ್ಯೋಗ ಖಾತರಿ ಕಾಯ್ದೆ, ಅಂದರೆ ನರೇಗಾ, ಆಯಿತು.

ಈ ಮೂರೂ ಊರುಗಳಿರುವ ಉಡುಪಿ ಜಿಲ್ಲೆಗೆ ಅದು ಬಂದದ್ದು ಮೂರನೆಯ ಹಂತದಲ್ಲಿ, 2008ರ ಏಪ್ರಿಲ್‌ನಲ್ಲಿ. ಆಗ ಬೈಂದೂರು ಕುಂದಾಪುರ ತಾಲ್ಲೂಕಿನಲ್ಲೂ ಬ್ರಹ್ಮಾವರ ಉಡುಪಿ ತಾಲ್ಲೂಕಿನಲ್ಲೂ ಇದ್ದವು. ನರೇಗಾದಿಂದಾಗಿ ನಾಟಿಗೆ ಆಳು ಸಿಗುವುದಿಲ್ಲ ಎಂಬ ದೂರು ಗದ್ದೆ ಇರುವವರಲ್ಲಿ ಹಳೆಯದು. ಅದು ಪೂರ್ತಿ ಒಪ್ಪುವಂಥದ್ದಲ್ಲ. ಗಂಗೊಳ್ಳಿ ಬಂದರು, ಕಟ್ಟಡ ಕೆಲಸ, ಅಡಿಕೆ ತೋಟಗಳಲ್ಲಿ ಗಂಡಾಳಿನ ದಿನಗೂಲಿ ನರೇಗಾ ದರಕ್ಕಿಂತ ಮೇಲೆಯೇ ಇತ್ತು. 2022–23ರಲ್ಲಿ ಆ ದರ 309 ರೂಪಾಯಿ. ಬೆಂಗಳೂರು, ಮುಂಬಯಿಯ ಹೋಟೆಲುಗಳು ಹುಡುಗರನ್ನು ಸೆಳೆದದ್ದಂತೂ ಈ ಕಾಯ್ದೆಗಿಂತ ಎಷ್ಟೋ ಹಿಂದೆ.

ನಿಜವಾದ ಬದಲಾವಣೆ ಹೆಂಗಸರ ದುಡಿಮೆಯಲ್ಲಿದೆ. ಗದ್ದೆಯಲ್ಲಿ ಹೆಣ್ಣಾಳಿಗೆ ಕಡಿಮೆ ಕೂಲಿ ಕೊಡುವುದು ರೂಢಿ. ನರೇಗಾದಲ್ಲಿ ಸಮಾನ ಕೂಲಿ, ಅದೂ ನೇರ ಬ್ಯಾಂಕ್ ಖಾತೆಗೆ. ತಮ್ಮದೇ ಹಿತ್ತಲಲ್ಲಿ ಬಾವಿ, ದನದ ಹಟ್ಟಿ, ಅಡಿಕೆ ಗುಂಡಿಯ ಕೆಲಸ ಮಾಡಿ ಕೂಲಿ ಪಡೆಯುವ ಅವಕಾಶ ದೊಡ್ಡದು. ಬೇಸಿಗೆಯಲ್ಲಿ ನೀರು ಇಳಿಯುವ ಈ ಸೀಮೆಯಲ್ಲಿ ಬಾವಿಯೊಂದು ಕೂಲಿಯ ಲೆಕ್ಕ ಮುಗಿದ ಮೇಲೂ ಮನೆಗೆ ಉಳಿಯುವ ಆಸ್ತಿ. ಕೂಲಿಯ ಮಟ್ಟಿಗೂ ಬೇಸಿಗೆಯೇ ಮುಖ್ಯ: ಅರ್ಥಶಾಸ್ತ್ರಜ್ಞರಾದ ಕ್ಲೆಮೆಂಟ್ ಇಂಬರ್ಟ್ ಮತ್ತು ಜಾನ್ ಪ್ಯಾಪ್ 2015ರಲ್ಲಿ ಪ್ರಕಟಿಸಿದ ಅಧ್ಯಯನ ದೇಶದಲ್ಲಿ ಈ ಯೋಜನೆಯಿಂದ ಖಾಸಗಿ ಕೂಲಿ ಏರಿದ್ದು ಮಳೆಯಿಲ್ಲದ ತಿಂಗಳುಗಳಲ್ಲಿ ಎಂದು ಕಂಡುಕೊಂಡಿತು.

ಮಾಲೀಕರಿಗೆ ಕೊಡುವ ಸಹಾಯಧನ ಬಂದದ್ದು ಆಮೇಲೆ. 2016ರ ಪ್ರಧಾನಮಂತ್ರಿ ರೋಜಗಾರ್ ಪ್ರೋತ್ಸಾಹನ್ ಯೋಜನೆ, 15,000 ರೂಪಾಯಿವರೆಗಿನ ಸಂಬಳದ ಹೊಸ ನೌಕರರಿಗಾಗಿ ಮಾಲೀಕರು ತೆರಬೇಕಾದ ಪಿಂಚಣಿ ವಂತಿಗೆಯನ್ನು ಮೂರು ವರ್ಷ ಭರಿಸಿತು; 2018ರಿಂದ ಭವಿಷ್ಯ ನಿಧಿಯ ಪಾಲೂ ಸೇರಿ ಪೂರ್ತಿ ಶೇ. 12 ಸರ್ಕಾರದ್ದಾಯಿತು. ಗೇರುಬೀಜ ಕಾರ್ಖಾನೆಯಂಥ, ಹಾಜರಿ ಪುಸ್ತಕವಿರುವ ಕಡೆ ಇದು ತಲುಪಬಹುದಾಗಿತ್ತು. ಹಿಡಿದ ಮೀನಿನಲ್ಲಿ ಪಾಲು ಪಡೆದು ದುಡಿಯುವ ದೋಣಿಯವರಿಗೆ, ಗದ್ದೆಯ ದಿನಗೂಲಿಯವರಿಗೆ ತಲುಪುವಂತಿರಲಿಲ್ಲ. ಕರಾವಳಿಯ ಮಟ್ಟಿಗೆ ಇದೇ ಆ ಬಗೆಯ ಯೋಜನೆಗಳ ದೊಡ್ಡ ಕೊರತೆ.

2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾದ ಬದಲಿಗೆ ಒಪ್ಪಿದ ಹೊಸ ಕಾಯ್ದೆ ಕೆಲಸದ ಖಾತರಿಯನ್ನು ವರ್ಷಕ್ಕೆ 100ರಿಂದ 125 ದಿನಕ್ಕೆ ಏರಿಸಿತು. ಬಿತ್ತನೆ, ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನ ಕಾಮಗಾರಿ ನಿಲ್ಲಿಸಲು ಅವಕಾಶವನ್ನೂ ಇಟ್ಟಿತು.