ನ್ಯೂಕಮ್ ವೈವೇರಿಯಂ

ಅಮೆರಿಕದ ಕಲಾವಿದ ಮಾರ್ಕ್ ಡಯನ್ (ಜನನ 1961) 2006ರಲ್ಲಿ ರೂಪಿಸಿದ ಪ್ರತಿಷ್ಠಾಪನಾ ಕಲಾಕೃತಿ. ವಾಷಿಂಗ್ಟನ್ ರಾಜ್ಯದ ಸಿಯಾಟಲ್‌ನಲ್ಲಿ, ಸಿಯಾಟಲ್ ಆರ್ಟ್ ಮ್ಯೂಸಿಯಮ್ಮಿಗೆ ಸೇರಿದ ಒಲಿಂಪಿಕ್ ಶಿಲ್ಪೋದ್ಯಾನದಲ್ಲಿದೆ. ಕಾಡಿನಲ್ಲಿ ಉರುಳಿ ಕೊಳೆಯುತ್ತಿದ್ದ ಸುಮಾರು 60 ಅಡಿ ಉದ್ದದ ಮರವೊಂದನ್ನು ಅದರ ಮೇಲಿನ ಜೀವಜಾಲದ ಸಮೇತ ಊರಿಗೆ ತಂದು, ಗಾಜಿನ ಮನೆಯಲ್ಲಿಟ್ಟು ಸಾಕುವುದೇ ಈ ಕೃತಿ. ಹೆಸರು ಬಂದಿರುವುದು ಪೋಷಕರಾದ ನ್ಯೂಕಮ್ ದಂಪತಿಯಿಂದ.

ನಿಸರ್ಗದೊಡನೆ ಮನುಷ್ಯ ಕಟ್ಟಿಕೊಂಡ ಕೃತಕ ನಂಟನ್ನು ಪ್ರತಿಷ್ಠಾಪನೆಯ ವಸ್ತುವಾಗಿಸಿದವರಲ್ಲಿ ಡಯನ್ ಮೊದಲಿಗರಲ್ಲ. ಹಾನ್ಸ್ ಹಾಕೆ 1972ರಲ್ಲಿ ಜರ್ಮನಿಯ ಕ್ರೇಫೆಲ್ಡ್‌ನ ಮ್ಯೂಸಿಯಮ್ಮಿನೊಳಗೆ ರೈನ್ ನದಿಯ ಕೊಳೆನೀರನ್ನು ಶುದ್ಧೀಕರಿಸಿ, ಆ ನೀರಿನಲ್ಲಿ ಹೊನ್ನಮೀನುಗಳನ್ನು ಬಿಟ್ಟಿದ್ದರು. ವಾಲ್ಟರ್ ಡಿ ಮರಿಯಾ 1977ರಲ್ಲಿ ನ್ಯೂಯಾರ್ಕಿನ ಕಟ್ಟಡವೊಂದರ ಮಹಡಿಗೆ 22 ಇಂಚು ದಪ್ಪ ಮಣ್ಣು ತುಂಬಿದರು. ಓಲಾಫರ್ ಎಲಿಯಾಸನ್ 2003ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ದೀಪ, ಕನ್ನಡಿ ಮತ್ತು ಕೃತಕ ಮಂಜಿನಿಂದ ಸೂರ್ಯನನ್ನೇ ಮೂಡಿಸಿದರು.

ಡಯನ್ ಆರಿಸಿಕೊಂಡದ್ದು ವೆಸ್ಟರ್ನ್ ಹೆಮ್ಲಾಕ್ ಜಾತಿಯ ಮರ. ಸಿಯಾಟಲ್ ನಗರದಾಚೆಯ ಗ್ರೀನ್ ರಿವರ್ ಜಲಾನಯನ ಪ್ರದೇಶದಲ್ಲಿ ಅದು 1996ರಲ್ಲಿ ಉರುಳಿತ್ತು. ಪೆಸಿಫಿಕ್ ಕರಾವಳಿಯ ಮಳೆಕಾಡಿನಲ್ಲಿ ಹೀಗೆ ಬಿದ್ದು, ಮೈಮೇಲೆ ಸಸಿಗಳನ್ನು ಪೋಷಿಸುವ ಮರಕ್ಕೆ ‘ನರ್ಸ್ ಲಾಗ್’ ಎನ್ನುತ್ತಾರೆ. ಅಲ್ಲಿನ ನೆಲದ ಮೇಲೆ ಪಾಚಿ, ಜರಿಗಿಡಗಳ ಹಾಸು ಎಷ್ಟು ಒತ್ತಾಗಿರುತ್ತದೆಂದರೆ ಹೆಮ್ಲಾಕ್‌ನ ಪುಟ್ಟ ಬೀಜಕ್ಕೆ ಬೇರೂರಲು ಜಾಗವಿರುವುದಿಲ್ಲ. ಮೊಳೆತರೂ ಮಣ್ಣಿನ ಶಿಲೀಂಧ್ರಗಳು ಸಸಿಯನ್ನು ಕೊಲ್ಲಬಹುದು. ಬಿದ್ದ ಮರದ ಮೈ ಈ ಪೈಪೋಟಿಯಿಂದ ಒಂದಿಷ್ಟು ಎತ್ತರದಲ್ಲಿರುತ್ತದೆ. ಕಂದುಕೊಳೆ ಉಂಟುಮಾಡುವ ಶಿಲೀಂಧ್ರಗಳು ಮರದ ಸೆಲ್ಯುಲೋಸನ್ನು ತಿಂದು ಲಿಗ್ನಿನ್ನನ್ನು ಬಹುಪಾಲು ಉಳಿಸುತ್ತವೆ. ಆಗ ಮರ ಘನಾಕಾರದ ಸಣ್ಣ ಸಣ್ಣ ತುಂಡುಗಳಾಗಿ ಬಿರಿದು, ಬೆರಳಲ್ಲಿ ಒತ್ತಿದರೆ ಪುಡಿಯಾಗುವಷ್ಟು ಮೆದುವಾಗಿ, ಮಳೆನೀರನ್ನು ಹೀರಿ ಒಣದಿನಗಳಿಗೆ ಹಿಡಿದಿಡುತ್ತದೆ. ಸಸಿಗಳ ಬೇರುಗಳು ಕಾಂಡವನ್ನು ತಬ್ಬಿ ಇಳಿದು ನೆಲ ಮುಟ್ಟುತ್ತವೆ. ದೊಡ್ಡ ಮರವೊಂದು ಪೂರ್ತಿ ಕರಗಲು ಶತಮಾನಗಳೇ ಬೇಕಾಗಬಹುದು. ಕೃತಿಯ ಅರ್ಥವೆಲ್ಲ ನಿಂತಿರುವುದು ಈ ನಿಧಾನದ ಮೇಲೆ. ಆದ್ದರಿಂದ ಇಲ್ಲಿ ಜೀವಶಾಸ್ತ್ರವನ್ನು ಬಿಟ್ಟು ಕಲೆಯನ್ನಷ್ಟೇ ವಿವರಿಸುವುದು ಸಾಧ್ಯವಿಲ್ಲ.

ಮರಕ್ಕೆಂದೇ ಕಟ್ಟಿದ ಗಾಜಿನ ಮನೆ ಸುಮಾರು 80 ಅಡಿ ಉದ್ದವಿದೆ. ಗಾಜಿಗಿರುವ ಹಸಿರು ಛಾಯೆ ಕಾಡಿನ ಮೇಲ್ಛಾವಣಿಯಿಂದ ಸೋಸಿ ಬರುವ ಬೆಳಕನ್ನು ಅನುಕರಿಸುತ್ತದೆ. ತೇವ, ಗಾಳಿ, ತಾಪಮಾನಗಳನ್ನು ಸದಾ ಸರಿದೂಗಿಸಬೇಕು. ಮರವನ್ನಿರಿಸಿದ ತೊಟ್ಟಿಯ ಹೆಂಚುಗಳ ಮೇಲೆ ಕೀಟ, ಶಿಲೀಂಧ್ರ, ಸಸ್ಯಗಳ ಚಿತ್ರಗಳಿವೆ. ನೋಡುಗರು ಭೂತಗನ್ನಡಿ ಹಿಡಿದು ಅವನ್ನು ಕಾಂಡದ ಮೇಲೆ ಹುಡುಕಬಹುದು.

ಜಾಗದ ಚರಿತ್ರೆಯೂ ಗಮನಾರ್ಹ. 2007ರ ಜನವರಿಯಲ್ಲಿ ತೆರೆದ ಈ ಉದ್ಯಾನದ ನೆಲ ಹಿಂದೆ ಯೂನೊಕಲ್ ತೈಲ ಕಂಪನಿಯ ಇಂಧನ ಸಂಗ್ರಹಾಗಾರವಾಗಿತ್ತು. ಕಲುಷಿತ ಮಣ್ಣನ್ನು ತೆಗೆದು, ಹೊಸ ಮಣ್ಣು ತುಂಬಿಸಿ, ವೈಸ್/ಮ್ಯಾನ್‌ಫ್ರೆಡಿ ಸಂಸ್ಥೆಯ ವಿನ್ಯಾಸದಂತೆ ಅದನ್ನು ಉದ್ಯಾನವಾಗಿಸಲಾಯಿತು. ಹೀಗಾಗಿ ಗಾಜಿನ ಮನೆಯ ಹೊರಗಿನ ಹಸಿರು ಕೂಡ ಒಂದರ್ಥದಲ್ಲಿ ನಿರ್ಮಿತವೇ.

ಕಾಡಿನ ತುಣುಕನ್ನು ಕಿತ್ತು ತರುವುದು ಸರಿಯೇ ಎಂಬ ಆಕ್ಷೇಪ ಸಹಜ. ಆದರೆ ಕೃತಿ ಈ ಪ್ರಶ್ನೆಯನ್ನು ಮುಚ್ಚಿಡುವುದಿಲ್ಲ. ಕಾಡಿನಲ್ಲಿ ಮಳೆ ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸಕ್ಕೆ ಇಲ್ಲಿ ಯಂತ್ರ, ಹಣ, ಸಿಬ್ಬಂದಿ ಎಷ್ಟು ಬೇಕೆಂಬುದನ್ನು ನೋಡುಗರ ಕಣ್ಣೆದುರೇ ಇಡುತ್ತದೆ. ಡಯನ್ 1999ರಲ್ಲಿ ಥೇಮ್ಸ್ ದಂಡೆಯಲ್ಲಿ ಹೆಕ್ಕಿಸಿದ ವಸ್ತುಗಳನ್ನು ಕಪಾಟಿನಲ್ಲಿ ಜೋಡಿಸಿದ ‘ಟೇಟ್ ಥೇಮ್ಸ್ ಡಿಗ್’ ಹೆಚ್ಚು ಪ್ರಸಿದ್ಧವಾಗಿದ್ದರೂ, ಆರೈಕೆಯ ಹೊಣೆಯನ್ನೇ ಕಲೆಯ ಭಾಗವಾಗಿಸಿದ ನ್ಯೂಕಮ್ ವೈವೇರಿಯಮ್ಮನ್ನು ಅವರ ಅತಿ ಮುಖ್ಯ ಕೃತಿಯೆಂದು ಪರಿಗಣಿಸುವುದು ಯುಕ್ತ.