ಮೀನುತೊಟ್ಟಿಯ ಕೊಳೆನೀರು ಮತ್ತು ಇಬ್ಬರು ವಾರಿಂಗ್ಟನ್‌ರು

ಮನೆಯ ತೊಟ್ಟಿಯಲ್ಲಿ ಮೀನುಮರಿ ಮಾಡಿಸುವವರನ್ನು ನೀವು ನೋಡಿರಬಹುದು. ಹೊಸ ತೊಟ್ಟಿಯಲ್ಲಿ ಮೊಟ್ಟೆಯೊಡೆದು ಬಂದ ನೂರಾರು ಮರಿಗಳು ಕೆಲವೇ ದಿನಗಳಲ್ಲಿ ಸತ್ತು ತೇಲುವುದುಂಟು. ನೀರು ಮಾತ್ರ ತಿಳಿಯಾಗಿಯೇ ಇರುತ್ತದೆ! ಹಾಗಾದರೆ ಕೊಂದದ್ದು ಯಾವುದು? ಬಹಳಷ್ಟು ಸಲ ಅಮೋನಿಯ. ಮೀನುಗಳು ಇದನ್ನು ಕಿವಿರುಗಳ ಮೂಲಕ ಹೊರಹಾಕುತ್ತವೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಇದೇ ಉಂಟಾಗುತ್ತದೆ. ಈ ವಿಷವನ್ನು ನಿಸರ್ಗ ಹೇಗೆ ನಿವಾರಿಸುತ್ತದೆ ಎಂಬುದನ್ನು ಅರಿತ ಕಥೆಯಲ್ಲಿ ಒಬ್ಬ ತಂದೆ ಮತ್ತು ಅವನ ಮಗ ಬರುತ್ತಾರೆ.

ತಂದೆ ರಾಬರ್ಟ್ ವಾರಿಂಗ್ಟನ್, ಲಂಡನ್ನಿನ ರಸಾಯನಶಾಸ್ತ್ರಜ್ಞ. ಸುಮಾರು 12 ಗ್ಯಾಲನ್ ಹಿಡಿಸುವ ಗಾಜಿನ ಪಾತ್ರೆಯಲ್ಲಿ ಎರಡು ಗೋಲ್ಡ್ ಫಿಶ್‌ಗಳನ್ನೂ ವ್ಯಾಲಿಸ್ನೇರಿಯ ಎಂಬ ಜಲಸಸ್ಯವನ್ನೂ ಇಟ್ಟ. ಸಸ್ಯ ಆಮ್ಲಜನಕ ಒದಗಿಸಿತು. ಆದರೆ ಅದರ ಎಲೆಗಳು ಕೊಳೆತು ನೀರು ಕೆಟ್ಟಿತು. ಆಗ ಅವನು ಕೊಳದ ಬಸವನಹುಳುಗಳನ್ನು ಬಿಟ್ಟ. ಅವು ಕೊಳೆತದ್ದನ್ನು ತಿಂದವು, ನೀರು ತಿಳಿಯಾಯಿತು. 1850ರಲ್ಲಿ ಇದನ್ನು ಅವನು ವರದಿ ಮಾಡಿದ. ಆ ಪಾತ್ರೆಯಲ್ಲಿ ಕಣ್ಣಿಗೆ ಕಾಣದ ನಾಲ್ಕನೆಯ ಪಾಲುದಾರರೂ ಇದ್ದರೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

ಅವರ ಸುಳಿವು ಸಿಕ್ಕಿದ್ದು ಚರಂಡಿ ನೀರಿನಲ್ಲಿ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಸ್ ಮರಳು, ಸುಣ್ಣಕಲ್ಲು ತುಂಬಿದ ಕೊಳವೆಯ ಮೂಲಕ ಕೊಳಚೆ ನೀರನ್ನು ನಿಧಾನವಾಗಿ ಇಳಿಸಿದರು. ಸುಮಾರು 20 ದಿನ ಏನೂ ಆಗಲಿಲ್ಲ. ಬಳಿಕ ಅಮೋನಿಯ ಇಳಿದು ನೈಟ್ರೇಟ್ ಕಾಣಿಸಿತು. ಕ್ಲೋರೊಫಾರಂ ಆವಿ ಹಾಯಿಸಿದೊಡನೆ ಕ್ರಿಯೆ ನಿಂತಿತು. ಮುಂದೆ ಮಣ್ಣು ತೊಳೆದ ನೀರು ಸೇರಿಸಿದಾಗ ಮತ್ತೆ ಆರಂಭವಾಯಿತು. ಅಂದರೆ ಇದು ಜೀವಿಗಳ ಕೆಲಸ!

ತಂದೆಯ ಹೆಸರನ್ನೇ ಹೊತ್ತ ಮಗ ವಾರಿಂಗ್ಟನ್, ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಈ ಶೋಧವನ್ನು ಮುಂದುವರಿಸಿದ. ಅಮೋನಿಯ ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗುತ್ತದೆ. ಎರಡೂ ಹಂತಗಳಿಗೆ ಬೇರೆ ಬೇರೆ ಜೀವಿಗಳು ಕಾರಣ ಎಂದು ತೋರಿಸಿದ. ಆದರೆ ಅವುಗಳನ್ನು ಬೇರ್ಪಡಿಸಲು ಅವನಿಗೆ ಆಗಲಿಲ್ಲ. ಅದನ್ನು ಸಾಧಿಸಿದವನು ರಷ್ಯದ ವಿನೊಗ್ರಾಡ್‌ಸ್ಕಿ, 1890ರ ಸುಮಾರಿಗೆ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಎರಡೂ ಹಂತಗಳನ್ನು ಒಂದೇ ಬ್ಯಾಕ್ಟೀರಿಯ ಪೂರೈಸಬಲ್ಲದು ಎಂದು 2015ರಲ್ಲಿ ತಿಳಿದುಬಂತು. ನೈಟ್ರೋಸ್ಪೈರ ಎಂಬ ಆ ಬ್ಯಾಕ್ಟೀರಿಯ ನೆದರ್ಲೆಂಡಿನ ಸಂಶೋಧಕರಿಗೆ ದೊರೆತದ್ದು ಎಲ್ಲಿ ಗೊತ್ತೆ? ಮೀನು ಸಾಕುವ ತೊಟ್ಟಿಯ ನೀರನ್ನು ಶುದ್ಧಗೊಳಿಸುವ ಶೋಧಕದಲ್ಲಿ!

ಈಗ ನಮ್ಮ ತೊಟ್ಟಿಗೆ ಬನ್ನಿ. ಹೊಸ ತೊಟ್ಟಿಯಲ್ಲಿ ಮರಿಗಳು ಸಾಯುವುದೇಕೆ ಎಂಬುದಕ್ಕೆ ಶ್ಲೋಸಿಂಗ್ ಕಾದ ಆ 20 ದಿನಗಳೇ ಉತ್ತರ: ಬ್ಯಾಕ್ಟೀರಿಯಗಳು ನೆಲೆಯೂರಲು ವಾರಗಳೇ ಬೇಕು. ಶೋಧಕದ ಜಲ್ಲಿಗೆ ಅಂಟಿದ ಲೋಳೆಯೇ ಅವುಗಳ ಮನೆ. ಅದನ್ನು ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಉಜ್ಜಿ ತೊಳೆದರೆ ಮತ್ತೆ ಮೊದಲಿನಿಂದ ಕಾಯಬೇಕು; ತೊಟ್ಟಿಯಿಂದ ತೆಗೆದ ನೀರಿನಲ್ಲೇ ಮೆಲ್ಲಗೆ ಜಾಲಿಸಿದರೆ ಸಾಕು. ಕೊನೆಗೆ ಉಳಿಯುವ ನೈಟ್ರೇಟನ್ನು ತಗ್ಗಿಸಲು ಆಗಾಗ ಸ್ವಲ್ಪ ನೀರು ಬದಲಿಸಿ. ಹೊರತೆಗೆದ ನೀರಿಗೆ ಉಪ್ಪು, ಔಷಧಿ ಬೆರೆತಿರದಿದ್ದರೆ ಅದು ಕೈತೋಟಕ್ಕೆ ಗೊಬ್ಬರ. ಕೆರೆಗೆ ಹರಿಸಿದರೆ ಅದೇ ಪಾಚಿಯನ್ನು ಬೆಳೆಸುತ್ತದೆ. ಹೊರಬೀಳುವ ಕೊಳವೆಗೆ ಸಣ್ಣ ಕಣ್ಣಿನ ಬಲೆ ಕಟ್ಟಿ. ಪರದೇಶದ ಮೀನುಮರಿಗಳು ನಮ್ಮ ಕೆರೆ ಸೇರಬಾರದು.